ಹೊಲದಂಚಿನ ನೇರಳೆ ಆಸ್ಟರ್: ಹೆಸರು ಯಾಕೆ ಬದಲಾಯಿತು, ಗಿಡವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನಾವಿರುವುದು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಸೆಪ್ಟೆಂಬರ್ ಬಂತೆಂದರೆ ಹಾದಿಬದಿ, ಹುಲ್ಲುಗಾವಲು, ಕಾಡಂಚು ಎಲ್ಲೆಲ್ಲೂ ನೇರಳೆ, ತಿಳಿನೀಲಿ, ಬಿಳಿ ಬಣ್ಣದ, ಸೇವಂತಿಗೆಯನ್ನು ಹೋಲುವ ಕಾಡುಹೂಗಳು. ಅವುಗಳಲ್ಲಿ ಒಂದಕ್ಕೆ ನನ್ನಲ್ಲಿರುವ ಹಳೆಯ ಪುಸ್ತಕ ‘ಆಸ್ಟರ್ ನೋವೇ-ಆಂಗ್ಲಿಯೇ’ ಎನ್ನುತ್ತದೆ, ಫೋನಿನ ಆ್ಯಪ್ ‘ಸಿಂಫಿಯೋಟ್ರೈಕಮ್ ನೋವೇ-ಆಂಗ್ಲಿಯೇ’ ಎನ್ನುತ್ತದೆ. ಇವು ಎರಡು ಗಿಡಗಳೋ, ಒಂದೋ? ಉಳಿದವಕ್ಕೆ ಆ್ಯಪ್ ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತದೆ. ಸರಿಯಾಗಿ ಗುರುತಿಸಿ, ಸಸ್ಯಶಾಸ್ತ್ರದ ರೀತಿಯಲ್ಲಿ ವಿವರ ಬರೆದಿಡಲು ಏನೇನು ನೋಡಬೇಕು? ಬೆಂಗಳೂರಿನ ಹೂವಿನ ಮಾರುಕಟ್ಟೆಯಲ್ಲಿ ಸಿಗುವ ಆಸ್ಟರ್ ಕೂಡ ಇದೇನಾ?

ಉತ್ತರ: ಎರಡೂ ಒಂದೇ ಗಿಡ. ಇಂಗ್ಲಿಷಿನಲ್ಲಿ ಅದನ್ನು ನ್ಯೂ ಇಂಗ್ಲೆಂಡ್ ಆಸ್ಟರ್ ಎನ್ನುತ್ತಾರೆ. ಈಗ ನೀವು ಬರೆಯಬೇಕಾದ ಹೆಸರು ಸಿಂಫಿಯೋಟ್ರೈಕಮ್ ನೋವೇ-ಆಂಗ್ಲಿಯೇ. ಆದರೆ ಹಳೆಯ ಹೆಸರನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಹಳೆಯ ಪುಸ್ತಕಗಳು, ಹರ್ಬೇರಿಯಮ್ ಹಾಳೆಗಳು (ಒಣಗಿಸಿದ ಗಿಡಗಳನ್ನು ಅಂಟಿಸಿ ಕಾಪಾಡುವ ಹಾಳೆಗಳು), ಎಷ್ಟೋ ನರ್ಸರಿಗಳ ಚೀಟಿಗಳು ಇನ್ನೂ ಆಸ್ಟರ್ ಎಂದೇ ಹೇಳುತ್ತವೆ.

ಈ ಬದಲಾವಣೆ ಹೆಸರಿಡುವವರ ಚಪಲದಿಂದ ಆದದ್ದಲ್ಲ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಆಸ್ಟರ್ ಎಂಬ ಕುಲವನ್ನು, ಅಂದರೆ ಹತ್ತಿರದ ಪ್ರಭೇದಗಳ ಗುಂಪನ್ನು, ಹೆಸರಿಸಿದಾಗ ನಡುವೆ ಹಳದಿ, ಸುತ್ತ ನೀಲಿ-ನೇರಳೆ-ಬಿಳಿ ಎಸಳುಗಳಿರುವ ಯುರೋಪ್, ಏಷ್ಯಾ, ಅಮೆರಿಕಗಳ ಗಿಡಗಳು ಅದರೊಳಗೆ ಸೇರಿದವು. ಮುಂದೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಅದೇ ಚೀಲಕ್ಕೆ ನೂರಾರು ಪ್ರಭೇದಗಳು ಬಂದು ಬಿದ್ದವು. ಈ ಗುಂಪು ಒಂದೇ ಮನೆತನದ್ದಲ್ಲ ಎಂಬ ಅನುಮಾನ ಬಲಗೊಂಡದ್ದು ಜೀವಕೋಶದೊಳಗೆ ಡಿಎನ್ಎ ಹೊತ್ತಿರುವ ವರ್ಣತಂತುಗಳನ್ನು ಎಣಿಸತೊಡಗಿದ ಮೇಲೆ. ಯುರೋಪ್-ಏಷ್ಯಾದ ನಿಜವಾದ ಆಸ್ಟರ್‌ಗಳ ಮೂಲಸಂಖ್ಯೆ, ಅಂದರೆ ವರ್ಣತಂತುಗಳ ಒಂದು ಮೂಲ ಕಂತೆಯಲ್ಲಿರುವ ಎಣಿಕೆ, 9. ಅಮೆರಿಕದವುಗಳಲ್ಲಿ 9 ಇರುವವೂ ಇವೆ, 8, 7, 5, 4 ಇರುವವೂ ಇವೆ. ನಿಮ್ಮ ನ್ಯೂ ಇಂಗ್ಲೆಂಡ್ ಆಸ್ಟರ್‌ನದು 5. 1990ರ ದಶಕದ ಡಿಎನ್ಎ ಅಧ್ಯಯನಗಳು ವಿಷಯವನ್ನು ಇತ್ಯರ್ಥ ಮಾಡಿದವು: ಅಮೆರಿಕದ ಈ ಗಿಡಗಳು ಯುರೋಪಿನ ಆಸ್ಟರ್‌ಗಿಂತ ಅದೇ ಹೊಲದಲ್ಲಿ ಪಕ್ಕದಲ್ಲೇ ಹಳದಿಯಾಗಿ ಅರಳುವ ಗೋಲ್ಡನ್‌ರಾಡ್‌ಗೆ, ಅಂದರೆ ಸಾಲಿಡಾಗೊ ಕುಲಕ್ಕೆ, ಹೆಚ್ಚು ಹತ್ತಿರದ ಸಂಬಂಧಿಗಳು. ಇವನ್ನೆಲ್ಲ ಆಸ್ಟರ್ ಎಂದೇ ಉಳಿಸಿಕೊಳ್ಳುವುದಾದರೆ ಗೋಲ್ಡನ್‌ರಾಡ್ ಅನ್ನೂ ಆಸ್ಟರ್ ಎಂದು ಕರೆಯಬೇಕಾಗುತ್ತಿತ್ತು.

ಅಮೆರಿಕದ ಸಸ್ಯಶಾಸ್ತ್ರಜ್ಞ ಗೈ ನೆಸಮ್ 1994ರಲ್ಲಿ ಈ ಗುಂಪನ್ನು ಬಿಡಿಸಿ ಹಲವು ಕುಲಗಳಾಗಿ ಹಂಚಿದರು. ಸಿಂಫಿಯೋಟ್ರೈಕಮ್ ಎಂಬ ಹೆಸರು ಅವರು ಹೊಸದಾಗಿ ಹುಟ್ಟಿಸಿದ್ದಲ್ಲ. ಜರ್ಮನಿಯ ನೀಸ್ ಫಾನ್ ಎಸೆನ್‌ಬೆಕ್ 1832ರಲ್ಲೇ ಪ್ರಕಟಿಸಿ, ಬಳಕೆಯಿಲ್ಲದೆ ಮೂಲೆ ಸೇರಿದ್ದ ಹೆಸರು ಅದು. ಒಂದು ಗುಂಪನ್ನು ಬೇರ್ಪಡಿಸಿದಾಗ ಅದಕ್ಕೆ ಹೊಂದುವ, ನಿಯಮಬದ್ಧವಾಗಿ ಪ್ರಕಟವಾದ ಅತಿ ಹಳೆಯ ಹೆಸರನ್ನೇ ಬಳಸಬೇಕೆಂಬುದು ನಾಮಕರಣದ ಅಂತರರಾಷ್ಟ್ರೀಯ ನಿಯಮ. 2006ರಲ್ಲಿ ಬಂದ ಉತ್ತರ ಅಮೆರಿಕದ ಸಸ್ಯಸಂಪದದ 20ನೆಯ ಸಂಪುಟ ಈ ವಿಂಗಡಣೆಯನ್ನೇ ಅನುಸರಿಸಿತು. ಅದರ ಪ್ರಕಾರ ಸಿಂಫಿಯೋಟ್ರೈಕಮ್‌ನಲ್ಲಿ ಸುಮಾರು 90 ಪ್ರಭೇದಗಳಿವೆ. ಆಸ್ಟರ್ ಕುಲದಲ್ಲೇ ಉಳಿದ ಉತ್ತರ ಅಮೆರಿಕದ ಸ್ವಂತ ಗಿಡ ಒಂದೇ ಒಂದು, ಆಸ್ಟರ್ ಆಲ್ಪೈನಸ್. ಅದು ಅಲಾಸ್ಕದ ಕಡೆ ಮತ್ತು ರಾಕಿ ಪರ್ವತಗಳಲ್ಲಿದೆ, ನಿಮ್ಮ ಹೊಲದಂಚಿಗೆ ಬರುವಂಥದ್ದಲ್ಲ.

ಹಳೆಯ ಪುಸ್ತಕದಿಂದ ಹೊಸ ಹೆಸರಿಗೆ ದಾಟುವಾಗ ಒಂದು ಅಡಚಣೆ ಬರುತ್ತದೆ. ಲ್ಯಾಟಿನ್‌ನಲ್ಲಿ ಆಸ್ಟರ್ ಪುಲ್ಲಿಂಗ, ಸಿಂಫಿಯೋಟ್ರೈಕಮ್ ನಪುಂಸಕಲಿಂಗ. ಹಾಗಾಗಿ ಪ್ರಭೇದದ ಹೆಸರು ವಿಶೇಷಣವಾಗಿದ್ದರೆ ಅದರ ಕೊನೆಯೂ ಬದಲಾಗುತ್ತದೆ: ಆಸ್ಟರ್ ಲೀವಿಸ್ ಈಗ ಸಿಂಫಿಯೋಟ್ರೈಕಮ್ ಲೀವೆ, ಆಸ್ಟರ್ ಪ್ಯುನಿಸಿಯಸ್ ಈಗ ಸಿಂಫಿಯೋಟ್ರೈಕಮ್ ಪ್ಯುನಿಸಿಯಮ್, ಕಾರ್ಡಿಫೋಲಿಯಸ್ ಈಗ ಕಾರ್ಡಿಫೋಲಿಯಮ್. ಹುಡುಕುವಾಗ ಪೂರ್ತಿ ಪದ ಹಾಕಿ ಸಿಗದಿದ್ದರೆ ಮೊದಲ ಐದಾರು ಅಕ್ಷರ ಮಾತ್ರ ಹಾಕಿ ನೋಡಿ.

ಇನ್ನು ಗುರುತಿಸುವ ವಿಷಯ. ಆ್ಯಪ್ ಎಡವುತ್ತಿರುವುದಕ್ಕೆ ಕಾರಣ ಬಹುತೇಕ ನೀವು ಕೊಡುತ್ತಿರುವ ಫೋಟೊ. ಎಲ್ಲರೂ ಹೂವನ್ನು ಮೇಲಿನಿಂದ ತೆಗೆಯುತ್ತಾರೆ. ಈ ಗುಂಪಿನಲ್ಲಿ ಮೇಲಿನಿಂದ ಕಾಣುವ ಮುಖ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ. ಗುರುತು ಇರುವುದು ಹೂವಿನ ಬೆನ್ನಿನಲ್ಲಿ, ಕಾಂಡದ ರೋಮದಲ್ಲಿ ಮತ್ತು ಎಲ್ಲಕ್ಕಿಂತ ಕೆಳಗಿನ ಎಲೆಯಲ್ಲಿ.

ಮೊದಲು ಹೂವಿನ ರಚನೆ. ಸೂರ್ಯಕಾಂತಿಯಲ್ಲಿ ಇದ್ದಂತೆ ಇಲ್ಲೂ ಒಂದು ಹೂ ಎಂದು ಕಾಣುವುದು ಹಲವು ಕಿರುಹೂಗಳ ಗುಂಪು, ಅದನ್ನು ಹೂತಲೆ ಎನ್ನೋಣ. ಅಂಚಿನಲ್ಲಿ ಎಸಳಿನಂತೆ ಚಾಚಿಕೊಂಡ ಪ್ರತಿಯೊಂದೂ ಒಂದು ಹೆಣ್ಣುಹೂ, ಅದು ಅಂಚುಹೂ. ನಡುವಿನ ಹಳದಿ ತಟ್ಟೆಯಲ್ಲಿ ಕೊಳವೆಯಾಕಾರದ, ತುದಿಯಲ್ಲಿ ಐದು ಸೀಳಿರುವ ದ್ವಿಲಿಂಗಿ ಹೂಗಳಿವೆ, ಅವು ನಡುಹೂಗಳು. ಇಡೀ ತಲೆಯನ್ನು ಕೆಳಗಿನಿಂದ ಹಿಡಿದಿರುವ ಹಸಿರು ಬಟ್ಟಲು ಸಣ್ಣ ಸಣ್ಣ ಪತ್ರಗಳಿಂದ ಆಗಿದೆ. ಒಂದೊಂದು ಪತ್ರಕ್ಕೆ ಫಿಲರಿ ಎಂದು ಹೆಸರು. ಹಲವು ಪ್ರಭೇದಗಳಲ್ಲಿ ಫಿಲರಿಗಳು ಮಂಗಳೂರು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಸಾಲಾಗಿ ಇರುತ್ತವೆ, ಹೊರಗಿನವು ಗಿಡ್ಡ, ಒಳಗಿನವು ಉದ್ದ. ಬೀಜದಂತೆ ಕಾಣುವ ಕಾಯಿಯ ನೆತ್ತಿಯ ಮೇಲಿನ ಕೂದಲಿನ ಕುಚ್ಚು ಪ್ಯಾಪಸ್. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಮತ್ತು ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ ಸಾಕು, ಇವೆಲ್ಲ ಕಾಣುತ್ತವೆ.

ನ್ಯೂ ಇಂಗ್ಲೆಂಡ್ ಆಸ್ಟರ್‌ನ ಹೂತಲೆಯನ್ನು ಕಿತ್ತು ಮಗುಚಿ ಹಿಡಿದು ನೋಡಿ. ಫಿಲರಿಗಳು ಸಣಕಲು, ಮೊನಚು, ತುದಿಗಳು ಬಟ್ಟಲಿಗೆ ಅಂಟಿಕೊಳ್ಳದೆ ಹೊರಕ್ಕೆ ಚಾಚಿರುತ್ತವೆ, ಆಗಾಗ ನೇರಳೆ ಬಣ್ಣಕ್ಕೆ ತಿರುಗಿರುತ್ತವೆ. ಅವುಗಳ ಮೇಲೆಲ್ಲ ಪುಟ್ಟ ಗುಂಡುತಲೆಯ ರೋಮಗಳು. ಇವೇ ಗ್ರಂಥಿರೋಮಗಳು, ಬೆರಳಿಗೆ ಅಂಟಂಟಾಗಿ ಹತ್ತುತ್ತವೆ, ಹಿಸುಕಿದರೆ ಘಾಟಾದ ವಾಸನೆ ಬರುತ್ತದೆ. ಹೂವಿನ ತೊಟ್ಟಿನ ಮೇಲೂ ಇವೇ ಇರುತ್ತವೆ. ಕಾಂಡದ ಮೇಲೆ ಬಿರುಸಾದ ರೋಮ. ಎಲೆಗೆ ತೊಟ್ಟಿಲ್ಲ, ಅಂಚಿನಲ್ಲಿ ಹಲ್ಲಿಲ್ಲ, ಬುಡದ ಎರಡು ಹಾಲೆಗಳು ಕಾಂಡವನ್ನು ಎರಡೂ ಬದಿಯಿಂದ ತಬ್ಬಿಕೊಂಡಿರುತ್ತವೆ. ಅಂಚುಹೂಗಳು ಸಾಮಾನ್ಯವಾಗಿ 50ರಿಂದ 75, ಕೆಲವೊಮ್ಮೆ 100ರವರೆಗೂ. ಇಷ್ಟು ದಟ್ಟವಾಗಿ ಅಂಚುಹೂ ಇರುವ, ಗ್ರಂಥಿರೋಮದ, ಎಲೆ ಕಾಂಡವನ್ನು ತಬ್ಬಿರುವ ಎತ್ತರದ ಗಿಡ ನಿಮ್ಮ ಸೀಮೆಯಲ್ಲಿ ಬೇರೆ ಇಲ್ಲ. ಬಣ್ಣವನ್ನು ಮಾತ್ರ ನಂಬಬೇಡಿ. ಕಡುನೇರಳೆ ಸಾಮಾನ್ಯ, ಗುಲಾಬಿಯೂ ಉಂಟು, ಅಪರೂಪಕ್ಕೆ ಬಿಳಿಯೂ ಉಂಟು.

ಇದರೊಂದಿಗೆ ಬೆರೆಸಿ ತಪ್ಪು ಮಾಡುವುದು ಎರಡು ಗಿಡಗಳನ್ನು. ಸಿಂಫಿಯೋಟ್ರೈಕಮ್ ಪ್ಯುನಿಸಿಯಮ್ ಜೌಗು ನೆಲದ್ದು, ಕಾಂಡ ಕೆಂಪುಛಾಯೆಯದ್ದು, ಅದರ ಮೇಲೆ ಒರಟು ರೋಮ. ಎಲೆ ಇದರಲ್ಲೂ ಕಾಂಡವನ್ನು ತಬ್ಬಿರುತ್ತದೆ, ಆದರೆ ಗ್ರಂಥಿರೋಮ ಇಲ್ಲ. ಅಂಚುಹೂ 30ರಿಂದ 60, ಬಣ್ಣ ತಿಳಿ. ಎರಡನೆಯದು ಸಿಂಫಿಯೋಟ್ರೈಕಮ್ ಲೀವೆ. ಅದು ಪೂರ್ತಿ ನುಣುಪು, ಎಲೆ ತುಸು ದಪ್ಪ, ಉಜ್ಜಿದರೆ ಅಳಿಸುವ ಬೂದುಬಣ್ಣದ ಮೇಣದ ಲೇಪ ಇರುತ್ತದೆ. ಫಿಲರಿಗಳು ಬಟ್ಟಲಿಗೆ ಒತ್ತಿಕೊಂಡಿದ್ದು ತುದಿಯ ಹಸಿರು ಭಾಗ ಪುಟ್ಟ ವಜ್ರಾಕಾರದಲ್ಲಿ ಕಾಣುತ್ತದೆ.

ತಿಳಿನೀಲಿ ಹೂವಿನ ಗಿಡಗಳಲ್ಲಿ ಮೊದಲು ಬುಡದ ಎಲೆ ಹುಡುಕಿ. ಇಲ್ಲೇ ಬಹಳ ಜನ ಸೋಲುವುದು, ಯಾಕೆಂದರೆ ಹೂ ಅರಳುವ ಹೊತ್ತಿಗೆ ಬುಡದ ಎಲೆಗಳು ಬಾಡಿ ಉದುರಿರುತ್ತವೆ. ಹಾಗಿದ್ದರೆ ಸುತ್ತಮುತ್ತ ಹೂ ಬಿಡದ ಎಳೆಯ ಚಿಗುರು ಇದೆಯೇ ನೋಡಿ, ಅದರಲ್ಲಿ ಬುಡದೆಲೆ ಹಾಗೇ ಇರುತ್ತದೆ. ಬುಡದೆಲೆ ಹೃದಯಾಕಾರ, ಉದ್ದ ತೊಟ್ಟು, ಅಂಚಿನಲ್ಲಿ ಚೂಪಾದ ಗರಗಸದ ಹಲ್ಲು ಇದ್ದು, ಹೂತಲೆ ಸುಮಾರು ಒಂದೂವರೆ ಸೆಂಟಿಮೀಟರ್ ಅಗಲ ಇದ್ದು, ಅಂಚುಹೂ 8ರಿಂದ 20ರ ಒಳಗಿದ್ದರೆ ಸಿಂಫಿಯೋಟ್ರೈಕಮ್ ಕಾರ್ಡಿಫೋಲಿಯಮ್. ಎಲೆಯ ಬುಡ ಹೃದಯಾಕಾರವಾದರೂ ಎಲೆ ಉದ್ದವಾಗಿ, ಅಂಚು ಬಹುತೇಕ ನಯವಾಗಿದ್ದರೆ ಸಿಂಫಿಯೋಟ್ರೈಕಮ್ ಶಾರ್ಟಿಐ. ಅದು ಕಾಡಿನ ನೆರಳಿನದು. ಅಂಚು ನಯವಾಗಿದ್ದು, ಎಲೆ ಬೆರಳಿಗೆ ಒರಟಾಗಿ ತಾಗಿ, ಗಿಡ ಬಿಸಿಲಿನ ಒಣ ಹುಲ್ಲುಗಾವಲಿನಲ್ಲಿದ್ದರೆ ಅದು ಸಿಂಫಿಯೋಟ್ರೈಕಮ್ ಊಲೆಂಟ್ಯಾಂಜಿಯೆನ್ಸಿ. ಇದಕ್ಕೆ ನಿಮ್ಮ ಊರಿನದೇ ನಂಟು: ಕೊಲಂಬಸ್ ನಡುವೆ ಹರಿಯುವ ಒಲೆಂಟ್ಯಾಂಜಿ ನದಿಯ ಹೆಸರನ್ನೇ ಸಸ್ಯಶಾಸ್ತ್ರಜ್ಞ ಜಾನ್ ರಿಡೆಲ್ 1835ರಲ್ಲಿ ಈ ಗಿಡಕ್ಕೆ ಇಟ್ಟದ್ದು. ನದಿಯ ಹೆಸರಿನ ಕಾಗುಣಿತದಲ್ಲಿ ಅವರು ಒಂದು ‘ಒ’ ಹೆಚ್ಚು ಬರೆದಿದ್ದರು. ಮೊದಲು ಪ್ರಕಟವಾದ ಆ ಕಾಗುಣಿತವೇ ಇಂದಿಗೂ ಉಳಿದಿದೆ.

ಬಿಳಿಯ ಸಣ್ಣ ಹೂಗಳ ಗುಂಪು ಇಡೀ ಕುಲದಲ್ಲೇ ಕಷ್ಟದ್ದು. ಇಲ್ಲಿ ಭೂತಗನ್ನಡಿ ಇಲ್ಲದೆ ಹೆಸರು ಹೇಳಲು ಹೋಗಬೇಡಿ. ಫಿಲರಿಯ ತುದಿಯಲ್ಲಿ ಬೆಳ್ಳನೆಯ ಪುಟ್ಟ ಮುಳ್ಳಿದ್ದು ತುದಿ ಹೊರಕ್ಕೆ ಬಾಗಿದ್ದರೆ, ಎಲೆ ಬಹಳ ಚಿಕ್ಕದು, ಹೂತಲೆ ಸುಮಾರು ಒಂದು ಸೆಂಟಿಮೀಟರ್ ಆಗಿದ್ದರೆ ಸಿಂಫಿಯೋಟ್ರೈಕಮ್ ಎರಿಕಾಯ್ಡೀಸ್. ಫಿಲರಿಯ ತುದಿಯ ಎರಡೂ ಅಂಚು ಒಳಕ್ಕೆ ಸುರುಳಿಕೊಂಡು ದಬ್ಬಳದ ಮೊನೆಯಾಗಿದ್ದು, ಹೂ ತುಸು ದೊಡ್ಡದಾಗಿದ್ದರೆ ಸಿಂಫಿಯೋಟ್ರೈಕಮ್ ಪೈಲೋಸಮ್, ಪಾಳುಬಿದ್ದ ಹೊಲ, ರಸ್ತೆಬದಿಯ ಗಿಡ. ಸಿಂಫಿಯೋಟ್ರೈಕಮ್ ಲ್ಯಾಟರಿಫ್ಲೋರಮ್ ಮತ್ತು ಲ್ಯಾನ್ಸಿಯೊಲೇಟಮ್ ನಡುವೆ ಸಂದೇಹ ಬಂದರೆ ಒಂದು ನಡುಹೂವನ್ನು ಸೂಜಿಯಿಂದ ಎತ್ತಿ ನೋಡಬೇಕು. ಕಿರಿದಾದ ಕೊಳವೆಯ ಮೇಲೆ ಅಗಲವಾಗುವ ಭಾಗದ ಅರ್ಧಕ್ಕೂ ಹೆಚ್ಚು ಆಳಕ್ಕೆ ಸೀಳುಗಳಿದ್ದು ಹಿಂದಕ್ಕೆ ಮಡಚಿದ್ದರೆ ಲ್ಯಾಟರಿಫ್ಲೋರಮ್. ಸೀಳು ಅರ್ಧಕ್ಕಿಂತ ಕಡಿಮೆಯಿದ್ದು ನೆಟ್ಟಗಿದ್ದರೆ ಲ್ಯಾನ್ಸಿಯೊಲೇಟಮ್. ಲ್ಯಾಟರಿಫ್ಲೋರಮ್‌ನ ಎಲೆಯ ಕೆಳಮೈಯಲ್ಲಿ ನಡುನರದ ಉದ್ದಕ್ಕೂ ರೋಮಗಳೂ ಇರುತ್ತವೆ. ಕೆಳಮೈಯೆಲ್ಲ ರೋಮವಿದ್ದರೆ ಅದು ಇನ್ನೊಂದು, ಸಿಂಫಿಯೋಟ್ರೈಕಮ್ ಒಂಟಾರಿಯೋನಿಸ್. ನಡುತಟ್ಟೆ ಹಳದಿಯೋ ಕೆಂಪೋ ಎಂಬುದು ಇಲ್ಲಿ ಪ್ರಭೇದದ ಗುರುತಲ್ಲ. ಹೂ ಬಲಿತಂತೆ ಅದು ಹಳದಿಯಿಂದ ಗುಲಾಬಿ-ನೇರಳೆಗೆ ತಿರುಗುತ್ತದೆ, ಒಂದೇ ಕೊಂಬೆಯಲ್ಲಿ ಎರಡೂ ಬಣ್ಣ ಕಾಣಬಹುದು.

ಆಸ್ಟರ್ ಎಂದೇ ಕರೆಯಿಸಿಕೊಳ್ಳುವ, ಆದರೆ ಸಿಂಫಿಯೋಟ್ರೈಕಮ್ ಅಲ್ಲದ ಎರಡು ಕುಲಗಳೂ ನಿಮಗೆ ಎದುರಾಗುತ್ತವೆ. ಒಂದು ಯೂರಿಬಿಯಾ. ಒಹಾಯೊದ ಪೂರ್ವಭಾಗದ ಕಾಡುಗಳಲ್ಲಿ ಯೂರಿಬಿಯಾ ಡೈವರಿಕೇಟಾ ಇದೆ: ಹೃದಯಾಕಾರದ ಎಲೆ, ಅಂಕುಡೊಂಕಾದ ಕಾಂಡ, 5ರಿಂದ 10 ಬಿಳಿಯ ಅಂಚುಹೂ, ಫಿಲರಿ ಅಗಲ ಮತ್ತು ತುದಿ ಮೊಂಡು. ಹೂಗೊಂಚಲಿನ ಮೇಲ್ಭಾಗ ಚಪ್ಪಟೆ, ಕಾರ್ಡಿಫೋಲಿಯಮ್‌ನದು ಹಾಗಲ್ಲದೆ ಉದ್ದಕ್ಕೆ ಕವಲೊಡೆಯುತ್ತದೆ. ಇವೆರಡನ್ನು ಬೇರೆ ಮಾಡಲು ಗೊಂಚಲಿನ ಆಕಾರವೇ ಬೇಗ ಸಿಗುವ ಗುರುತು. ಇನ್ನೊಂದು ಡೋಲಿಂಗೇರಿಯಾ ಅಂಬೆಲ್ಲೇಟಾ, ಆಳೆತ್ತರ ಬೆಳೆಯಬಲ್ಲ, ಚಪ್ಪಟೆ ಗೊಂಚಲಿನ, ಬಿಳಿ ಹೂವಿನ, ತೇವದ ಜಾಗದ ಗಿಡ. ಅದರ ಪ್ಯಾಪಸ್‌ನಲ್ಲಿ ಉದ್ದ ಕೂದಲಿನ ಹೊರಗೆ ಗಿಡ್ಡ ಕೂದಲಿನ ಇನ್ನೊಂದು ಸುತ್ತು ಇರುತ್ತದೆ.

ಬೇಸಿಗೆಯ ಆರಂಭದಲ್ಲೇ ಇಂಥ ಹೂ ಕಂಡರೆ ಅದು ಬಹುಪಾಲು ಎರಿಜೆರಾನ್. ಅದರ ಫಿಲರಿಗಳು ಹೆಂಚಿನ ಸಾಲಿನಂತಿರದೆ ಒಂದೆರಡು ಸುತ್ತಿನಲ್ಲಿ ಬಹುತೇಕ ಒಂದೇ ಉದ್ದಕ್ಕಿರುತ್ತವೆ, ಅಂಚುಹೂಗಳು ದಾರದಷ್ಟು ಸಣ್ಣ. ಹಾದಿಬದಿಯ ನೀಲಿ ಹೂವಿನ ಗಿಡವನ್ನು ಮುರಿದಾಗ ಹಾಲು ಬಂದು, ಪ್ರತಿ ಎಸಳಿನ ತುದಿಯಲ್ಲಿ ಐದು ಹಲ್ಲಿದ್ದರೆ ಅದು ಚಿಕೋರಿ, ಕಾಫಿಗೆ ಬೆರೆಸುವ ಚಿಕೋರಿಯೇ, ಯುರೋಪಿನಿಂದ ಬಂದದ್ದು. ಹಳೆಯ ಪುಸ್ತಕದಲ್ಲಿ ಆಸ್ಟರ್ ಟಾರ್ಮಿಕಾಯ್ಡೀಸ್ ಎಂಬ ಬಿಳಿ ಹೂ ಸಿಕ್ಕರೆ ಅದರ ಮೇಲೆ ಸಾಲಿಡಾಗೊ ಟಾರ್ಮಿಕಾಯ್ಡೀಸ್ ಎಂದು ಬರೆದುಕೊಳ್ಳಿ. ನೋಡಲು ಪೂರ್ತಿ ಆಸ್ಟರ್, ಆದರೆ ಅದು ಗೋಲ್ಡನ್‌ರಾಡ್‌ಗಳೊಂದಿಗೆ ಮಿಶ್ರತಳಿ ಕೊಡುತ್ತದೆ.

ವಿವರ ಬರೆಯುವಾಗ ಹೆಸರನ್ನು ಕೊನೆಗೆ ಇಟ್ಟುಕೊಳ್ಳಿ. ಹೆಸರು ಮೊದಲೇ ತಲೆಯಲ್ಲಿದ್ದರೆ ಕಣ್ಣು ಪುಸ್ತಕದಲ್ಲಿರುವುದನ್ನೇ ಗಿಡದಲ್ಲಿ ಹುಡುಕುತ್ತದೆ. ಬುಡದಿಂದ ತುದಿಗೆ ಏರುವುದು ವಾಡಿಕೆ: ಗಿಡದ ಸ್ವಭಾವ, ಬೇರು, ಕಾಂಡ, ಎಲೆ, ಗೊಂಚಲು, ಫಿಲರಿ, ಅಂಚುಹೂ, ನಡುಹೂ, ಕಾಯಿ. ಅಂಚುಹೂ ಎಣಿಸುವಾಗ ಕನಿಷ್ಠ ಐದು ಹೂತಲೆ ತೆಗೆದುಕೊಳ್ಳಿ ಮತ್ತು ಕಡಿಮೆ-ಹೆಚ್ಚು ಎರಡನ್ನೂ ಬರೆಯಿರಿ, ಸರಾಸರಿ ಬೇಡ. ‘ದೊಡ್ಡ ಎಲೆ’, ‘ಸುಂದರ ನೇರಳೆ’ ಎಂದು ಬರೆದರೆ ನಾಳೆ ಉಪಯೋಗಕ್ಕೆ ಬರುವುದಿಲ್ಲ. ಒಂದು ಮಾದರಿ ಹೀಗಿರಬಹುದು:

‘ಬಹುವಾರ್ಷಿಕ. ಒಂದೇ ಬುಡದಿಂದ ಹಲವು ನೆಟ್ಟನೆಯ ಕಾಂಡಗಳು, ಎತ್ತರ 110 ಸೆಂ.ಮೀ. ಕಾಂಡ ಬಿರುಸು ರೋಮದ್ದು, ಮೇಲ್ಭಾಗದಲ್ಲಿ ಗ್ರಂಥಿರೋಮವೂ ಇದೆ. ಬುಡದ ಎಲೆಗಳು ಉದುರಿವೆ. ನಡುಕಾಂಡದ ಎಲೆ ಈಟಿಯಾಕಾರ, 6–9 ಸೆಂ.ಮೀ. ಉದ್ದ, 1–1.8 ಸೆಂ.ಮೀ. ಅಗಲ, ತೊಟ್ಟಿಲ್ಲ, ಬುಡ ಕಾಂಡವನ್ನು ತಬ್ಬಿದೆ, ಅಂಚು ನಯ. ಹೂತಲೆಗಳು ಕೊಂಬೆಗಳ ತುದಿಯಲ್ಲಿ ಒತ್ತೊತ್ತಾಗಿ. ಫಿಲರಿ ಸಣಕಲು, ಸುಮಾರು 8 ಮಿ.ಮೀ., ಹೆಚ್ಚುಕಡಿಮೆ ಸಮನಾದ ಉದ್ದ, ತುದಿ ಹೊರಚಾಚಿದೆ, ನೇರಳೆ ಛಾಯೆ, ಗ್ರಂಥಿರೋಮ ದಟ್ಟ. ಅಂಚುಹೂ 52–68, ಕಡುನೇರಳೆ, 10–12 ಮಿ.ಮೀ. ಉದ್ದ. ನಡುಹೂ ಹಳದಿ. ಬಿಸಿಲಿನ ತೇವದ ಹುಲ್ಲುಗಾವಲು.’

ಇದನ್ನು ಓದಿದವರು ಗಿಡವನ್ನು ನೋಡದೆಯೂ ಅದರ ಹೆಸರು ಹೇಳಬಲ್ಲರು. ‘ಬುಡದ ಎಲೆಗಳು ಉದುರಿವೆ’ ಎಂಬ ಸಾಲನ್ನು ಬಿಡಬೇಡಿ. ಇಲ್ಲವಾದರೆ ನೀವು ನೋಡಲಿಲ್ಲವೋ, ಗಿಡದಲ್ಲೇ ಇರಲಿಲ್ಲವೋ ತಿಳಿಯುವುದಿಲ್ಲ. ಗಿಡವನ್ನು ಯಾರಾದರೂ ಕತ್ತರಿಸಿದ್ದರೆ ಅದನ್ನೂ ಬರೆಯಿರಿ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಮತ್ತೆ ಚಿಗುರಿದ ಗಿಡ ಮೊಣಕಾಲೆತ್ತರದಲ್ಲೇ ಹೂ ಬಿಡುತ್ತದೆ, ಎಲೆಯ ಅಳತೆಯೂ ಬದಲಾಗಿರುತ್ತದೆ.

ಫೋಟೊ ತೆಗೆಯುವುದಾದರೆ ಇಡೀ ಗಿಡ, ಕೆಳಗಿನ ಎಲೆ, ನಡುಕಾಂಡದ ಎಲೆ ಕಾಂಡಕ್ಕೆ ಸೇರುವ ಜಾಗ, ಎಲೆಯ ಕೆಳಮೈ, ಹೂತಲೆಯ ಬದಿನೋಟ, ಕೊನೆಗೆ ಮೇಲ್ನೋಟ. ಬದಿನೋಟದ ಚಿತ್ರದಲ್ಲಿ ಅಳತೆಪಟ್ಟಿ ಕಾಣಲಿ. ಫೋನ್ ಹಳದಿ ತಟ್ಟೆಯ ಮೇಲೇ ಫೋಕಸ್ ಮಾಡಲು ಹೋಗುತ್ತದೆ. ಪರದೆಯಲ್ಲಿ ಫಿಲರಿಯ ಮೇಲೆ ಬೆರಳೊತ್ತಿ ಫೋಕಸ್ ಹಿಡಿಯಿರಿ. ಇಷ್ಟಾದ ಮೇಲೂ ಪ್ರಭೇದ ನಿಶ್ಚಯವಾಗದಿದ್ದರೆ ‘ಸಿಂಫಿಯೋಟ್ರೈಕಮ್’ ಎಂದು ಕುಲಕ್ಕೇ ನಿಲ್ಲಿಸಿ. ಅದು ಅರ್ಧ ಉತ್ತರವಲ್ಲ, ನಿಜವಾದ ಉತ್ತರ.

ಗಿಡ ಒತ್ತಿಟ್ಟು ಒಣಗಿಸುವ ಆಸೆಯಿದ್ದರೆ ಮೊದಲು ಜಾಗ ಯಾರದೆಂದು ನೋಡಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಪರವಾನಗಿ ಇಲ್ಲದೆ ಗಿಡ ಕೀಳುವಂತಿಲ್ಲ. ಖಾಸಗಿ ಜಮೀನಾದರೆ ಮಾಲೀಕರನ್ನು ಕೇಳಿ. ವಲಸೆ ಹೊರಟ ಮೊನಾರ್ಕ್ ಚಿಟ್ಟೆಗಳಿಗೆ ಈ ತಡಋತುವಿನ ಮಕರಂದ ಬೇಕು, ಗಿಡ ಒಂದೇ ಇದ್ದರೆ ಮುಟ್ಟದಿರುವುದೇ ಸರಿ. ಹೆಚ್ಚಿದ್ದರೆ ಒಂದು ಕಾಂಡ ಸಾಕು. ಎತ್ತರದ ಕಾಂಡವನ್ನು ಇಂಗ್ಲಿಷಿನ ‘ಎನ್’ ಅಕ್ಷರದಂತೆ ಮಡಚಿ, ಹರ್ಬೇರಿಯಮ್ ಹಾಳೆಯ ಅಳತೆಗೆ, ಅಂದರೆ ಸುಮಾರು 29 × 42 ಸೆಂ.ಮೀ.ಗೆ ಹೊಂದಿಸಿ. ಕೆಲವು ಹೂತಲೆ ಮುಖ ಮೇಲಾಗಿ, ಕೆಲವು ಬದಿಯಾಗಿ ಇರಲಿ. ಒಂದೆರಡು ಎಲೆಯನ್ನು ಮಗುಚಿಡಿ, ಒಣಗಿದ ಮೇಲೆ ಮಗುಚಲು ಆಗುವುದಿಲ್ಲ. ಸುದ್ದಿಪತ್ರಿಕೆಯ ನಡುವೆ ಇಟ್ಟು, ಮೇಲೆ ಕೆಳಗೆ ರಟ್ಟು ಹಾಕಿ ಬಿಗಿಯಾಗಿ ಕಟ್ಟಿ, ಮೊದಲ ಮೂರು ದಿನ ಪತ್ರಿಕೆಯನ್ನು ದಿನವೂ ಬದಲಿಸಿ. ಆಸ್ಟರ್‌ಗಳಲ್ಲಿ ಆಗುವ ದೊಡ್ಡ ತೊಂದರೆ ಏನೆಂದರೆ, ನಿಧಾನ ಒಣಗಿದರೆ ಕತ್ತರಿಸಿದ ಹೂತಲೆ ಒತ್ತಿನೊಳಗೇ ಬಲಿಯುತ್ತಾ ಹೋಗಿ, ತೆರೆದಾಗ ಹೂವಿನ ಬದಲು ಪ್ಯಾಪಸ್‌ನ ಹತ್ತಿ ಮಾತ್ರ ಉಳಿದಿರುತ್ತದೆ. ಅದಕ್ಕಾಗಿ ಆಗಷ್ಟೇ ಅರಳಿದ ತಲೆಗಳನ್ನೇ ಆರಿಸಿ, ಗಾಳಿಯಾಡುವ ಬೆಚ್ಚಗಿನ ಜಾಗದಲ್ಲಿ ಬೇಗ ಒಣಗಿಸಿ. ಹೂವಿನ ಬಣ್ಣ ಕಾಲಕ್ರಮದಲ್ಲಿ ಮಾಸಬಹುದು, ಆದ್ದರಿಂದ ಬಣ್ಣವನ್ನು ಕಿತ್ತ ದಿನವೇ ಚೀಟಿಯಲ್ಲಿ ಬರೆಯಿರಿ. ಜೊತೆಗೆ ದಿನಾಂಕ, ಜಾಗ, ಮಣ್ಣು, ನೆರಳು-ಬಿಸಿಲು.

ಯಾವ ವಿವರಣೆಗೂ ಹೊಂದದ ಗಿಡಗಳೂ ಸಿಗುತ್ತವೆ, ಅವೆಲ್ಲ ನಿಮ್ಮ ತಪ್ಪಲ್ಲ. ಈ ಕುಲದಲ್ಲಿ ಮಿಶ್ರತಳಿಗಳಿವೆ, ಒಂದೇ ಪ್ರಭೇದದಲ್ಲಿ ವರ್ಣತಂತುಗಳ ಸಂಖ್ಯೆ ಇಮ್ಮಡಿ, ಮುಮ್ಮಡಿಯಾದ ಗಿಡಗಳೂ ಇವೆ. ನ್ಯೂ ಇಂಗ್ಲೆಂಡ್ ಆಸ್ಟರ್ ಮತ್ತು ಎರಿಕಾಯ್ಡೀಸ್ ಒಟ್ಟಿಗೆ ಬೆಳೆಯುವ ಕಡೆ ಅವುಗಳ ಮಿಶ್ರತಳಿ ಸಿಂಫಿಯೋಟ್ರೈಕಮ್ ಅಮೆಥಿಸ್ಟಿನಮ್ ಕಾಣಿಸಬಹುದು: ಹೂತಲೆ ಎರಡರ ನಡುವಿನ ಗಾತ್ರ, ಬಣ್ಣ ತಿಳಿನೇರಳೆ. ಹತ್ತಿರದಲ್ಲಿ ಎರಡೂ ಪ್ರಭೇದ ಇವೆಯೇ ಎಂದು ನೋಡಿಕೊಂಡೇ ಈ ತೀರ್ಮಾನಕ್ಕೆ ಬನ್ನಿ.

ಬೆಂಗಳೂರಿನ ಮಾರುಕಟ್ಟೆಯ ಆಸ್ಟರ್ ಬೇರೆ ಗಿಡ. ಅದು ಚೈನಾ ಆಸ್ಟರ್, ಕ್ಯಾಲಿಸ್ಟೆಫಸ್ ಚೈನೆನ್ಸಿಸ್, ಮೂಲ ಚೀನಾ ಕಡೆಯದು. ಲಿನೇಯಸ್ ಅದನ್ನೂ ಆಸ್ಟರ್ ಚೈನೆನ್ಸಿಸ್ ಎಂದೇ ಕರೆದಿದ್ದರು, ಆಮೇಲೆ ಬೇರೆ ಕುಲವಾಯಿತು, ಮಾರುಕಟ್ಟೆಯಲ್ಲಿ ಹಳೆಯ ಹೆಸರೇ ಉಳಿಯಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳು ಈ ಗಿಡದವೇ. ಇದು ಒಂದೇ ಹಂಗಾಮಿನ ಬೆಳೆ, ನಿಮ್ಮಲ್ಲಿನ ಸಿಂಫಿಯೋಟ್ರೈಕಮ್‌ಗಳು ಹೆಚ್ಚಾಗಿ ವರ್ಷವರ್ಷವೂ ಅದೇ ಬುಡದಿಂದ ಚಿಗುರುವಂಥವು. ಬೇರ್ಪಡಿಸಲು ಇಲ್ಲೂ ಹೂವನ್ನು ಮಗುಚಿ ನೋಡಿ: ಚೈನಾ ಆಸ್ಟರ್‌ನಲ್ಲಿ ಹೊರಸುತ್ತಿನ ಫಿಲರಿಗಳು ನಿಜವಾದ ಎಲೆಗಳಂತೆ ದೊಡ್ಡದಾಗಿ, ಹಸಿರಾಗಿ ಹರಡಿಕೊಂಡಿರುತ್ತವೆ.